ಯಾವ ಜ್ಞಾನ ಉಳಿಯಬೇಕು, ಯಾವುದು ಸಾಯಬೇಕು: ಹೇಳೋರು ಯಾರು?

ಬರಹ ಸ್ವಲ್ಪ ಉದ್ದ ಐತಿ. ಪುರುಸೊತ್ತು ಮಾಡಿಕೊಂಡು ಓದ್ರಿ. ಬೈಯೋದಿದ್ರೆ ಪೂರ್ತಿ ಓದಿದ ಮ್ಯಾಲೆ ಬೈರಿ.

ಪ್ರಾಡಾ ಚಪ್ಪಲಿಯ ಫೋಟೋ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಇನ್ನೂ ತಿರುಗಾಡ್ತಾನೇ ಇದೆ. ಗೊತ್ತಿಲ್ಲದವರಿಗೆ ಎರಡು ಮಾತು. 2025ರ ಜೂನ್‌ನಲ್ಲಿ ಇಟಲಿಯ ಮಿಲಾನ್‌ನಲ್ಲಿ ಪ್ರಾಡಾ ಎಂಬ ದೊಡ್ಡ ಕಂಪನಿ ತನ್ನ ಫ್ಯಾಶನ್ ಶೋದಲ್ಲಿ ಒಂದು ಚಪ್ಪಲಿ ತೋರಿಸಿತು. ನಮ್ಮ ಕಡೆಯವರು ಯಾರು ನೋಡಿದರೂ ಹೇಳ್ತಿದ್ದರು, ಅದು ಕೊಲ್ಹಾಪುರಿ. ಕಂಪನಿ ಮಾತ್ರ ಅದನ್ನ ಬರೇ ‘ತೊಗಲಿನ ಚಪ್ಪಲಿ’ ಅಂದಿತ್ತು. ಊರಿಲ್ಲ, ಹೆಸರಿಲ್ಲ. ಗದ್ದಲ ಎದ್ದ ಮೇಲೆ ಒಪ್ಪಿಕೊಂಡಿತು. ಡಿಸೆಂಬರಿನಲ್ಲಿ ಮಹಾರಾಷ್ಟ್ರದ ಲಿಡ್‌ಕಾಮ್, ನಮ್ಮ ರಾಜ್ಯದ ಲಿಡ್ಕರ್ ಎರಡೂ ಚರ್ಮ ನಿಗಮಗಳ ಜೊತೆ ಒಪ್ಪಂದ ಆಯಿತು. 2,000 ಜೋಡಿ ಇಲ್ಲೇ ಮಾಡಿಸೋದು, ಜೋಡಿಗೆ ಸುಮಾರು 800 ಯೂರೋ ಬೆಲೆ. ನಮ್ಮ ಲೆಕ್ಕದಲ್ಲಿ 80 ಸಾವಿರ ದಾಟತೈತಿ. ಸಂತ್ಯಾಗ ಅದೇ ಚಪ್ಪಲಿಗೆ ನೂರು ರೂಪಾಯಿ ಕಡಿಮಿ ಮಾಡು ಅಂತ ಅರ್ಧ ತಾಸು ಚೌಕಾಸಿ ಮಾಡೋರು ನಾವೇ.

ಈ ಚಪ್ಪಲಿ ಕೊಲ್ಹಾಪುರದ್ದು ಮಾತ್ರ ಅಲ್ಲ ಅನ್ನೋದು ನೆನಪಿರಲಿ. 2019ರಲ್ಲಿ ಸಿಕ್ಕ ಭೌಗೋಳಿಕ ಗುರುತಿನ ಪಟ್ಟಿಯಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ನಾಲ್ಕೂ ಇವೆ. ಅಥಣಿ ಕಡೆ ಕೇರಿಗಳಲ್ಲಿ ಹೆಣ್ಣುಮಕ್ಕಳು ತೊಗಲಿನ ಎಳೆ ಹೆಣೆದು ಹೆಣೆದು ಬೆರಳು ಸವೆಸಿಕೊಂಡ ಕೆಲಸ ಇದು.

ಹಾಗಾಗಿ ನಮ್ಮ ಹುಡುಗರು ಬರೆದರು: ‘ನಮ್ಮ ಪೂರ್ವಜರ ಜ್ಞಾನಕ್ಕೆ ಜಗತ್ತು ತಲೆಬಾಗಿತು.’ ಒಬ್ಬ ತಮ್ಮ ನನಗೂ ಕಳಿಸಿ, ‘ಅಣ್ಣಾ, ನೀವೂ ಶೇರ್ ಮಾಡ್ರಿ’ ಅಂದ. ನಾನು ಮಾಡಲಿಲ್ಲ. ಯಾಕೆ ಅಂತ ಹೇಳೋದಕ್ಕೆ ಇಷ್ಟು ಬರೀಬೇಕಾಗಿ ಬಂತು.

ಮೊದಲು ಆ ಜ್ಞಾನ ಏನು ಅಂತ ಹೇಳ್ತೀನಿ. ಹೊಗಳೋರಲ್ಲಿ ಬಹಳ ಮಂದಿಗೆ ಅದು ಗೊತ್ತಿಲ್ಲ.

ನಮ್ಮ ಮುತ್ಯಾ ತೊಗಲು ಹದ ಮಾಡ್ತಿದ್ದ. ಬೈಲಹೊಂಗಲ, ಸಂಪಗಾಂವ ಸುತ್ತಿನ ಎರಿ ಹೊಲದ ಒಕ್ಕಲುತನಕ್ಕೆ ಬೇಕಾದ ಮಿಣಿ, ಜತಗಿ, ಬಾರಕೋಲು, ಕಪಲಿ ಬಾವಿಯಿಂದ ನೀರೆತ್ತೋ ತೊಗಲಿನ ಚೀಲ, ಕಾಲಿಗೆ ಕೆರವು, ಎಲ್ಲಾ ಇಂಥ ಮನೆಗಳಿಂದಲೇ ಹೋಗಬೇಕಿತ್ತು. ಹಸಿ ತೊಗಲನ್ನ ಸುಣ್ಣದ ನೀರಿನ ಗುಂಡಿಯಲ್ಲಿ ನೆನೆ ಹಾಕೋದು. ಎಷ್ಟು ದಿನ? ಯಾವ ಪುಸ್ತಕದಲ್ಲೂ ಬರೆದುಕೊಂಡಿರಲಿಲ್ಲ. ಮಳಿಗಾಲದ ಲೆಕ್ಕ ಬ್ಯಾರೆ, ಬ್ಯಾಸಗಿ ಲೆಕ್ಕ ಬ್ಯಾರೆ, ಎಮ್ಮಿ ತೊಗಲಿನ ಲೆಕ್ಕ ಬ್ಯಾರೆ, ಆಕಳ ತೊಗಲಿಂದು ಬ್ಯಾರೆ. ಹೆಚ್ಚಾದರೆ ತೊಗಲು ಸಡಿಲಾಗಿ ಕೆಡತೈತಿ, ಕಡಿಮಿಯಾದರೆ ಕೂದಲು ಬಿಡಂಗಿಲ್ಲ. ಮುತ್ಯಾ ಎರಡು ಬೆರಳಲ್ಲಿ ಒಂದು ಎಳೆ ಕೂದಲು ಜಗ್ಗಿ ನೋಡಿ ‘ಇವತ್ತ ಬ್ಯಾಡ, ನಾಳೆ’ ಅನ್ನುತ್ತಿದ್ದ. ಆಮೇಲೆ ಕೂದಲು, ಮಾಂಸ ಹೆರೆದು ತೆಗೆಯೋದು, ಸುಣ್ಣ ಹೋಗೋ ತನಕ ತೊಳೆಯೋದು. ಆಮೇಲೆ ಆ ತೊಗಲನ್ನೇ ಚೀಲದ ಹಾಗೆ ಹೊಲಿದು, ಕಟ್ಟಿಗೆಗೆ ತೂಗುಹಾಕಿ, ಒಳಗೆ ಜಾಲಿ ತೊಗಟೆ, ಅಳಲೆಕಾಯಿ ಹಾಕಿ ನೀರು ತುಂಬೋದು. ಕೆಳಗೆ ತೊಟ್ಟಿಕ್ಕಿದ ನೀರನ್ನ ಮತ್ತೆ ಮೇಲೆ ಸುರಿಯೋದು. ಒಂದು ಕಡೆ ಆದ ಮೇಲೆ ತಿರುವಿ ಇನ್ನೊಂದು ಕಡೆ. ಬಣ್ಣ ನೋಡಿ, ವಾಸನೆ ಹಿಡಿದು, ಬೆರಳಿನಿಂದ ಒತ್ತಿ ‘ಹದಕ್ಕ ಬಂತು’ ಅನ್ನಬೇಕು.

ಜಾಲಿ ತೊಗಟೆಯಲ್ಲಿ ಟ್ಯಾನಿನ್ ಇರುತ್ತೆ, ಅದು ಚರ್ಮದ ಕೊಲಾಜೆನ್ ಜೊತೆ ಗಟ್ಟಿಯಾಗಿ ಕೂಡಿಕೊಳ್ಳುತ್ತೆ, ಆಮೇಲೆ ಆ ಚರ್ಮ ಕೊಳೆಯಲ್ಲ. ಇದನ್ನ ಕಾಲೇಜಿನಲ್ಲಿ ಕಲಿಸೋವಾಗ ಕೆಮಿಸ್ಟ್ರಿ ಅಂತಾರೆ. ಮುತ್ಯಾ ಮಾಡಿದರೆ ಹೊಲಸು ಅಂತಿದ್ದರು. ಕೊಳೆಯೋ ವಸ್ತುವನ್ನ ಕೊಳೆಯದ ಹಾಗೆ ಮಾಡೋದು ಅಂದರೆ ಶುದ್ಧ ಮಾಡೋದೇ. ಮಾಡಿದವನನ್ನ ಅಶುದ್ಧ ಅಂದರು. ಅವನು ಮಾಡಿದ ಕೆರವು ಹಾಕಿಕೊಂಡು ಗುಡಿ ಬಾಗಿಲ ತನಕ ಹೋದವರು ಶುದ್ಧ.

ಕಾಂಚ ಐಲಯ್ಯ ಅವರು 2009ರಲ್ಲಿ ಬರೆದ ‘ಪೋಸ್ಟ್ ಹಿಂದೂ ಇಂಡಿಯಾ’ ಪುಸ್ತಕದಲ್ಲಿ ಮಾದಿಗರನ್ನ ವಿಜ್ಞಾನಿಗಳು ಅಂತಲೇ ಕರೆದರು. ಓದಿದಾಗ ಎದೆ ಉಬ್ಬಿದ್ದು ಹೌದು. ಆ ಮಾತನ್ನ ಯಾರೋ ಒಬ್ಬರು ಹೇಳಲೇಬೇಕಿತ್ತು. ಆದರೆ ನನ್ನ ತಕರಾರು ಅಲ್ಲಿಂದ ಮುಂದೆ ಶುರುವಾಗುತ್ತೆ. ಜ್ಞಾನ ಇತ್ತು ಅಂತ ಸಾಬೀತು ಮಾಡಿದ ಮೇಲೆ ಏನು? ಅದನ್ನ ಉಳಿಸಬೇಕಾ? ಎಲ್ಲವನ್ನೂ?

ಇಲ್ಲಿ ಒಂದು ಕಹಿ ಉದಾಹರಣೆ ಕೊಡ್ತೀನಿ. ಮ್ಯಾನ್‌ಹೋಲ್‌ಗೆ ಇಳಿಯೋ ನಮ್ಮ ಅಣ್ಣತಮ್ಮಂದಿರನ್ನ ಮಾತಾಡಿಸಿ ನೋಡ್ರಿ. ಮುಚ್ಚಳ ತೆಗೆದು ಎಷ್ಟು ಹೊತ್ತು ಬಿಡಬೇಕು, ಗೋಡೆ ಮೇಲೆ ಜಿರಳೆ ಓಡಾಡ್ತಿದ್ದರೆ ಏನು ಅರ್ಥ, ಒಂದೂ ಕಾಣದಿದ್ದರೆ ಏನು ಅರ್ಥ, ಯಾವ ವಾಸನೆ ಬಂದರೆ ತಕ್ಷಣ ಮೇಲೆ ಬರಬೇಕು, ಎಲ್ಲಾ ಬಲ್ಲರು. ಜೀವ ಪಣಕ್ಕಿಟ್ಟು ಕಲಿತದ್ದು. ಸತ್ತವರನ್ನ ನೋಡಿ ಉಳಿದವರು ಕಲಿತದ್ದು. ಇದು ಜ್ಞಾನ ಅಲ್ಲ ಅನ್ನೋಕೆ ಯಾರಿಗೂ ಸಾಧ್ಯ ಇಲ್ಲ. ಸೂಕ್ಷ್ಮ ಐತಿ, ಅನುಭವದ್ದು ಐತಿ, ಬಾಯಿಂದ ಬಾಯಿಗೆ ದಾಟಿದ್ದು ಐತಿ. ಜನಪದ ಜ್ಞಾನ ಅಂತ ಸೆಮಿನಾರಿನಲ್ಲಿ ಯಾವ ಲಕ್ಷಣ ಹೇಳ್ತಾರೋ ಅವೆಲ್ಲಾ ಇದಕ್ಕೆ ಅದಾವು.

ಈ ಜ್ಞಾನ ಪೂರ್ತಿ ನಾಶ ಆಗಲಿ ಅಂತ ನಾನು ಬಯಸ್ತೀನಿ. ಒಂದು ತಲೆಮಾರಿನೊಳಗೆ ಒಬ್ಬರಿಗೂ ನೆನಪಿಲ್ಲದ ಹಾಗೆ ಆಗಲಿ. 2013ರ ಕಾಯ್ದೆ ಹೇಳೋದೂ ಅದನ್ನೇ, ಮನುಷ್ಯನನ್ನ ಇಳಿಸಬ್ಯಾಡ್ರಿ ಅಂತ. ಜಾರಿ ಎಷ್ಟಾಗಿದೆ ಅನ್ನೋದು ನಿಮಗೇ ಗೊತ್ತು.

ಅಂದ ಮೇಲೆ ಜ್ಞಾನಕ್ಕೆ ತನ್ನಷ್ಟಕ್ಕೇ ಬೆಲೆ ಐತಿ ಅನ್ನೋ ಮಾತನ್ನ ನಾನು ಪೂರ್ತಿ ಒಪ್ಪಂಗಿಲ್ಲ. ಅದನ್ನ ಬಲ್ಲವನಿಗೆ ‘ಒಲ್ಲೆ’ ಅನ್ನೋ ಹಕ್ಕು ಇತ್ತಾ? ನಾನು ಮೊದಲು ಕೇಳೋದು ಅದು.

ನಮ್ಮ ಊರುಗಳ ಹಳೇ ವ್ಯವಸ್ಥೆ ನೋಡ್ರಿ. ಊರಿನ ಸೀಮೆ ಯಾರಿಗೆ ಗೊತ್ತಿತ್ತು? ಗೌಡರಿಗಲ್ಲ, ಕುಲಕರ್ಣಿಗಳಿಗೂ ಪೂರ್ತಿ ಅಲ್ಲ. ಹೊಲೆಯರ ಕುಳವಾಡಿಗೆ ಗೊತ್ತಿತ್ತು. ಯಾವ ಕಲ್ಲು ಯಾರ ಹೊಲದ ಗುರುತು, ಯಾವ ಹಳ್ಳ ಯಾವ ವರ್ಷ ದಿಕ್ಕು ಬದಲಿಸಿತು, ಯಾವ ಮರದ ಆಚೆ ಪಕ್ಕದ ಊರು ಶುರು, ಎಲ್ಲಾ ಅವನ ತಲೆಯಲ್ಲಿ. ಜಗಳ ಬಂದರೆ ಅವನ ಮಾತೇ ಕಡೆಯದು. ಹಾಸನದ ಕಡೆಯ ಹೊಲೆಯರ ಬಗ್ಗೆ ಮೆಕೆಂಜಿ ಎಂಬ ಬ್ರಿಟಿಷ್ ಅಧಿಕಾರಿ 1873ರಲ್ಲಿ ಬರೆದಿಟ್ಟಿದ್ದಾನೆ: ಸೀಮೆ ಜಗಳ ಬಂದಾಗ ಕುಳವಾಡಿ ಊರ ಮಣ್ಣಿನ ಉಂಡೆ ಹಿಡಿದುಕೊಂಡು ಗಡಿಯ ಮೇಲೆ ನಡೀತಿದ್ದ, ತಪ್ಪಿ ನಡೆದರೆ ಉಂಡೆ ಒಡೀತದೆ, ಅವನಿಗೆ ಕೇಡಾಗ್ತದೆ ಅನ್ನೋ ನಂಬಿಕೆ ಇತ್ತು. ಮುಂಬೈ ಪ್ರಾಂತದಲ್ಲಿ ಮಹಾರರ ಕೆಲಸವೂ ಇದೇ ಆಗಿತ್ತು. ಸಂಪಗಾಂವ ಆಗ ಆ ಪ್ರಾಂತದ ತಾಲೂಕು.

ಊರಿನ ಒಂದೊಂದು ಗೇಣು ನೆಲ ಬಲ್ಲವನು. ಅವನ ಹೆಸರಲ್ಲಿ ಎಷ್ಟು ನೆಲ ಇತ್ತು? ಚಾಕರಿಗೆ ಅಂತ ಕೊಟ್ಟ ತುಂಡು. ಅದನ್ನ ಹಿಡಿದಿದ್ದಕ್ಕೆ ಹಗಲು ರಾತ್ರಿ ಅನ್ನದೆ ಸರಕಾರದ ಕೆಲಸ, ಊರವರ ಕೆಲಸ, ಸತ್ತ ದನ, ಸುದ್ದಿ ಮುಟ್ಟಿಸೋದು. ಅವನ ಜ್ಞಾನ ಅವನನ್ನ ಆ ಜಾಗಕ್ಕೇ ಕಟ್ಟಿಹಾಕೋ ಮಿಣಿ ಆಗಿತ್ತು. ‘ನೀ ಬಿಟ್ಟರ ಇನ್ಯಾರಿಗೆ ಗೊತ್ತೈತಿ’ ಅನ್ನೋ ಮಾತು ಹೊಗಳಿಕೆ ಥರ ಕೇಳಿಸುತ್ತೆ. ಅದು ಹಗ್ಗ.

(ಪಕ್ಕದ ಮಾತು: ಬಾಯಲ್ಲಿದ್ದ ಜ್ಞಾನವನ್ನ ಕಾಗದ ಹೇಗೆ ನುಂಗುತ್ತೆ ಅಂತ ನಮ್ಮ ಭಾಗಕ್ಕೆ ಮೊದಲು ಅರ್ಥ ಆದದ್ದು ಬಹುಶಃ ಸಂಗೊಳ್ಳಿ ರಾಯಣ್ಣನಿಗೆ. ಅಂವ ದೊಡ್ಡ ಸರದಾರ ಏನಲ್ಲ, ಊರಿನ ವಾಲಿಕಾರ. ಕಂಪನಿ ಸರಕಾರದ ವಿರುದ್ಧ ಎದ್ದಾಗ ಅವನ ದಂಡು ಬೀಡಿಯ ಕಚೇರಿ ಸುಟ್ಟಿತು, ಸಂಪಗಾಂವದ ಮೇಲೂ ಬಿತ್ತು. ಭೂಮಿ ಹೋಗೋದು ದಫ್ತರದ ಮೂಲಕ ಅಂತ ಅವನಿಗೆ ತಿಳಿದಿತ್ತು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿಸಿದರು.)

ಬಾಬಾಸಾಹೇಬರು ಇದನ್ನ ಸರಿಯಾಗಿ ಕಂಡಿದ್ದರು. 1925ರಲ್ಲಿ ನಮ್ಮ ಜಿಲ್ಲೆಯ ನಿಪ್ಪಾಣಿಗೇ ಬಂದು ಪರಿಷತ್ತು ಮಾಡಿದ್ದ ಮನುಷ್ಯ. 1928ರಲ್ಲಿ ಮುಂಬೈ ವಿಧಾನ ಪರಿಷತ್ತಿನಲ್ಲಿ ಮಹಾರ ವತನದ ವಿರುದ್ಧ ಮಸೂದೆ ತಂದರು. ಆಗ ಅದು ಪಾಸಾಗಲಿಲ್ಲ. ವತನ ಹೋದರೆ ಇದ್ದ ತುಂಡು ನೆಲವೂ ಹೋಗುತ್ತೆ ಅಂತ ನಮ್ಮವರಲ್ಲೇ ಕೆಲವರು ಹೆದರಿದ್ದರು. ಹೆದರಿಕೆ ಸುಳ್ಳೂ ಅಲ್ಲ. ಆದರೂ ಅವರು ಬಿಡಲಿಲ್ಲ. ಮಗ ಹುಟ್ಟೋ ಮೊದಲೇ ಅವನ ಕೆಲಸ ನಿಗದಿ ಆಗಿರೋ ಜಾಗದಲ್ಲಿ ಅವನ ಬುದ್ಧಿ ಬೆಳೆಯೋದು ಹೇಗೆ? ಮಹಾರಾಷ್ಟ್ರದ ಕಡೆ 1958ರ ಕಾಯ್ದೆಯಿಂದ, ನಮ್ಮ ಕಡೆ 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆಯಿಂದ ಆ ಪದ್ಧತಿ ಕಾಗದದ ಮೇಲೆ ಮುಗೀತು. 1936ರಲ್ಲಿ ‘ಜಾತಿ ವಿನಾಶ’ದಲ್ಲಿ ಅವರು ಹೇಳಿದ್ದೂ ಇದೇ: ಜಾತಿ ಕೆಲಸವನ್ನಷ್ಟೇ ಹಂಚಲ್ಲ, ಕೆಲಸಗಾರರನ್ನೇ ಹಂಚಿ ಬೇರೆ ಬೇರೆ ಕೊಠಡಿಗೆ ಹಾಕಿ ಬೀಗ ಜಡಿಯುತ್ತೆ.

ಹಾಗಾದರೆ ಬೀಗದ ಆಚೆ ಇದ್ದ ಜ್ಞಾನ? ಅದಕ್ಕೆ ನಮ್ಮ ಮನೆ ಬಾಗಿಲಿನ ಕಥೆಯೇ ಇದೆ. ಕಿತ್ತೂರಿನಿಂದ ಬಸ್ಸಿನಲ್ಲಿ ತಾಸಿನೊಳಗೆ ಮುಟ್ಟೋ ಧಾರವಾಡ. 1856ನೇ ಇಸವಿ. ಒಬ್ಬ ಮಹಾರ ಹುಡುಗ ಅಲ್ಲಿನ ಸರಕಾರಿ ಸಾಲಿಗೆ ಸೇರಿಸ್ಕೊಳ್ರಿ ಅಂತ ಕೇಳಿದ. ಸೇರಿಸಿಕೊಳ್ಳಲಿಲ್ಲ. ಆ ಹುಡುಗ ಸುಮ್ಮನಾಗದೆ ಮುಂಬೈ ಸರಕಾರಕ್ಕೆ ಅರ್ಜಿ ಹಾಕಿದ. ಆ ಕಾಲದಾಗ ಆ ಧೈರ್ಯ! ಸರಕಾರ ಕೊಟ್ಟ ಉತ್ತರದ ತಿರುಳು ಇದು: ನ್ಯಾಯ ನಿನ್ನ ಕಡೆಗೇ ಐತಿ, ಅದರಾಗ ಅನುಮಾನ ಇಲ್ಲ. ಆದರೆ ಒಬ್ಬಿಬ್ಬರ ಸಲುವಾಗಿ ತಲತಲಾಂತರದ ಭಾವನೆಗಳನ್ನ ಕೆಣಕಿದರೆ ಶಿಕ್ಷಣದ ಕೆಲಸಕ್ಕೇ ಹಾನಿ.

ಎಷ್ಟು ಸಭ್ಯ ಭಾಷೆ ನೋಡ್ರಿ. ಅವನು ದಡ್ಡ ಅನ್ನಲಿಲ್ಲ, ಯೋಗ್ಯತೆ ಇಲ್ಲ ಅನ್ನಲಿಲ್ಲ. ನಿನ್ನದು ನ್ಯಾಯ, ಆದರ ಬ್ಯಾಡ. ಎರಡು ವರ್ಷದ ಮೇಲೆ, 1858ರಲ್ಲಿ, ಲಂಡನ್ನಿನ ಕಂಪನಿ ಡೈರೆಕ್ಟರುಗಳು ಸರಕಾರಿ ಸಾಲಿಗಳು ಎಲ್ಲರಿಗೂ ತೆರೆದಿರಬೇಕು ಅಂತ ಹೇಳಿದರು. ಊರ ಸಾಲಿಯ ಜಗಲಿಗೆ ಆ ಮಾತು ಬಂದು ಮುಟ್ಟೋಕೆ ಇನ್ನೂ ತಲೆಮಾರುಗಳೇ ಹಿಡಿದವು. ಬಾಬಾಸಾಹೇಬರು ಈ ಪ್ರಕರಣವನ್ನ ತಮ್ಮ ಬರಹದಲ್ಲಿ ದಾಖಲಿಸಿದ್ದಾರೆ. ಅಲ್ಲಿ ಅವನು ಒಬ್ಬ ಮಹಾರ ಹುಡುಗ, ಅಷ್ಟೇ.

ನಮ್ಮ ಭಾಗದಲ್ಲಿ ಇನ್ನೊಂದು ನೆನಪೂ ಇದೆ, ಅದು 12ನೇ ಶತಮಾನದ್ದು. ಕಲ್ಯಾಣದ ಕ್ರಾಂತಿ ಮುರಿದು ಬಿದ್ದ ಮೇಲೆ ಶರಣರು ವಚನದ ಕಟ್ಟು ಹೊತ್ತುಕೊಂಡು ಉಳವಿಯ ಕಡೆ ಹೊರಟರು. ದಾರಿ ನಮ್ಮ ಊರುಗಳ ಮೇಲೇ. ಕಾದರವಳ್ಳಿಯಲ್ಲಿ ಕಾಳಗ ಆಯಿತು ಅಂತಾರೆ. ಮುಗುಟಖಾನ ಹುಬ್ಬಳ್ಳಿಯಲ್ಲಿ ಮಲಪ್ರಭೆ ದಂಡೆಗೆ ಗಂಗಾಂಬಿಕೆಯ ಸ್ಮಾರಕ ಇದೆ. ಡೋಹರ ಕಕ್ಕಯ್ಯ ಆ ಕಟ್ಟುಗಳನ್ನ ಕಾಯುತ್ತಾ ಹೋರಾಡಿ ಕಕ್ಕೇರಿಯಲ್ಲಿ ಪ್ರಾಣ ಬಿಟ್ಟ ಅನ್ನೋದು ಐತಿಹ್ಯ. ಡೋಹರ ಅಂದರೆ ತೊಗಲು ಹದ ಮಾಡೋನು. ಓಲೆಗರಿ ಉಳಿಸೋಕೆ ಸತ್ತವನು ತೊಗಲಿನವನು. ಈ ಕಥೆ ಎಷ್ಟು ಸಲ ಕೇಳಿದರೂ ನನಗೆ ಮೈ ಜುಮ್ಮನ್ನುತ್ತೆ.

ಆದರೆ ಅದೇ ಶರಣರ ‘ಕಾಯಕ’ ಎಂಬ ಮಾತನ್ನ ಆಮೇಲೆ ಏನು ಮಾಡಿದರು? ಕಾಯಕ ಅಂದರೆ ಕೆಲಸದಲ್ಲಿ ಮೇಲು ಕೀಳಿಲ್ಲ ಅನ್ನೋ ಬಂಡಾಯ ಆಗಿತ್ತು. ಇವತ್ತು ಪೌರಕಾರ್ಮಿಕರಿಗೆ ಶಾಲು ಹೊದಿಸಿ ‘ನಿಮ್ಮದು ಶ್ರೇಷ್ಠ ಕಾಯಕ’ ಅಂತ ಭಾಷಣ ಮಾಡ್ತಾರೆ. ಶ್ರೇಷ್ಠ ಅಂದ್ರ ನೀವೂ ಒಂದಿನ ಮಾಡ್ರಿ ಸಾಹೇಬ್ರ. ಹೊಗಳಿಕೆ ನಮಗೆ, ಹುದ್ದೆ ನಿಮಗೆ.

ಕೆಲವು ವರ್ಷಗಳ ಹಿಂದೆ ಒಂದು ಕಾಲೇಜಿನ ವಿಚಾರ ಸಂಕಿರಣಕ್ಕೆ ಹೋಗಿದ್ದೆ. ಹೆಸರು ಬೇಡ. ವಿಷಯ ‘ದೇಸಿ ಜ್ಞಾನ ಪರಂಪರೆ’. ಬಾಗಿಲಲ್ಲಿ ನಮ್ಮ ಹುಡುಗರು ಹಲಗಿ ಬಾರಿಸಿ ಅತಿಥಿಗಳನ್ನ ಒಳಗೆ ಕರಕೊಂಡು ಹೋದರು. ಒಳಗೆ ಹಲಗಿಯ ಬಗ್ಗೆಯೇ ಒಬ್ಬರು ಪ್ರಬಂಧ ಓದಿದರು, ಚೆನ್ನಾಗಿಯೇ ಓದಿದರು. ಆ ಹೊತ್ತಿಗೆ ಹಲಗಿಯವರು ಹೊರಗೆ ಗಿಡದ ಕೆಳಗೆ ಕುಳಿತು, ಟೆಂಪೋದವನು ಯಾವಾಗ ಬರ್ತಾನೆ ಅಂತ ಕಾಯ್ತಿದ್ದರು. ನಾನು ಹೊರಗೆ ಬಂದು ಅವರಲ್ಲಿ ಹಿರಿಯರಿಗೆ ‘ಒಳಗ ನಿಮ್ಮ ಹಲಗಿ ಬಗ್ಗೇನ ಮಾತಾಡಾಕತ್ತಾರ, ಬರ್ರಿ ಕಾಕಾ’ ಅಂದೆ. ಅವರು ನಕ್ಕು, ‘ನಾವು ಬಡಿಯಾವ್ರೋ ತಮ್ಮಾ, ಹೇಳಾವ್ರು ಅವ್ರು’ ಅಂದರು.

ಗೋಪಾಲ್ ಗುರು 2002ರಲ್ಲಿ ಬರೆದ ಒಂದು ಲೇಖನ ಸಮಾಜಶಾಸ್ತ್ರದವರನ್ನೆಲ್ಲಾ ಕೆರಳಿಸಿತ್ತು. ಅವರ ವಾದ: ನಮ್ಮ ವಿಶ್ವವಿದ್ಯಾಲಯಗಳಲ್ಲಿ ಸಿದ್ಧಾಂತ ಮಾಡೋರು ಬ್ರಾಹ್ಮಣರ ಜಾಗದಲ್ಲಿ ಕುಳಿತಿದ್ದಾರೆ, ಅನುಭವ, ಅಂಕಿಅಂಶ ಹೊತ್ತು ತರೋರು ಶೂದ್ರರ ಜಾಗದಲ್ಲಿದ್ದಾರೆ. ಅದನ್ನ ಇಂಗ್ಲಿಷಿನಲ್ಲಿ ಓದಿ ಅರ್ಥ ಮಾಡಿಕೊಳ್ಳೋಕೆ ನನಗೆ ಒಂದು ವಾರ ಹಿಡಿದಿತ್ತು. ಗಿಡದ ಕೆಳಗೆ ಕುಳಿತಿದ್ದ ಕಾಕಾ ಒಂದೇ ಮಾತಲ್ಲಿ ಹೇಳಿಬಿಟ್ಟರು.

ಈಗ ಸರಕಾರದ ಕಡೆ ಬರೋಣ. 2023ರ ಸೆಪ್ಟೆಂಬರ್‌ನಲ್ಲಿ ಪಿಎಂ ವಿಶ್ವಕರ್ಮ ಯೋಜನೆ ಬಂತು. 18 ಕಸುಬು, ಅದರಲ್ಲಿ ಚಮ್ಮಾರಿಕೆಯೂ ಒಂದು. ತರಬೇತಿ, ದಿನಕ್ಕೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000, ಕಡಿಮೆ ಬಡ್ಡಿಯಲ್ಲಿ ಎರಡು ಕಂತಿನಲ್ಲಿ 3 ಲಕ್ಷದ ತನಕ ಸಾಲ. ಕಸುಬು ಮಾಡ್ತಿರೋರು ತಗೋರಿ ಅಂತಲೇ ನಾನು ಹೇಳೋದು, ಅರ್ಜಿ ತುಂಬಿಸೋಕೂ ಕೂತಿದ್ದೇನೆ. ನಮ್ಮದೇ ತೆರಿಗೆ ದುಡ್ಡು ಅದು. ಆದರೆ ಯೋಜನೆಯ ಉದ್ದೇಶದಲ್ಲೇ ಗುರು-ಶಿಷ್ಯ ಪರಂಪರೆಯನ್ನ, ಮನೆತನದಿಂದ ಬಂದ ಕೌಶಲವನ್ನ ಗಟ್ಟಿ ಮಾಡೋದು ಅಂತ ಬರೆದಿದ್ದಾರೆ. ಮನೆತನದಿಂದ ಬಂದದ್ದು! ನಮ್ಮ ಮನೆತನಕ್ಕೆ ರಂಪಿಗಿ ಹೆಂಗ ಬಂತು ಅಂತ ಯಾರಾದರೂ ಕೇಳಿದಾರೇನು? ಬೇರೆ ಜಾತಿಯವರು ಅರ್ಜಿ ಹಾಕಬಾರದು ಅಂತ ಎಲ್ಲೂ ಇಲ್ಲ, ಒಪ್ಪುತ್ತೀನಿ. ಆದರೆ ಊರ ಮೇಲಿನ ಓಣಿಯ ಹುಡುಗರು ಚಪ್ಪಲಿ ಹೊಲಿಯೋದು ಕಲೀತೀನಿ ಅಂತ ಸರದಿ ನಿಂತದ್ದನ್ನ ನಮ್ಮ ತಾಲೂಕಿನಲ್ಲಿ ನಾನಂತೂ ನೋಡಿಲ್ಲ.

ಹಾಗಾಗಿ ನಮ್ಮ ಮುಂದೆ ಎರಡು ಬಲೆ ಇವೆ. ಮೊದಲನೆಯದು ಹಳೇದು: ನಿಮ್ಮದು ಜ್ಞಾನವೇ ಅಲ್ಲ, ಸಾಲಿಗೂ ಬರಬ್ಯಾಡ್ರಿ. ಎರಡನೆಯದು ಹೊಸದು, ರೇಷ್ಮೆಯದು: ನಿಮ್ಮದು ಎಂಥಾ ಜ್ಞಾನ, ಬಿಡಬ್ಯಾಡ್ರಿ, ಅಲ್ಲೇ ಇರ್ರಿ. ಎರಡರಲ್ಲೂ ನಾವು ಇರೋ ಜಾಗ ಒಂದೇ.

ಇದಕ್ಕೆ ನಮ್ಮ ಕೆಲವು ಗೆಳೆಯರ ಉತ್ತರ ಇನ್ನೊಂದು ತುದಿ. ‘ಎಲ್ಲಾ ಸುಟ್ಟು ಬಿಡ್ರಿ. ಹಲಗಿ ಬ್ಯಾಡ, ತೊಗಲು ಬ್ಯಾಡ, ಇಂಗ್ಲಿಷ್ ಸಾಕು, ಸೈನ್ಸ್ ಸಾಕು.’ ಈ ಸಿಟ್ಟು ನನಗೆ ಅರ್ಥ ಆಗುತ್ತೆ, ಅದಕ್ಕೊಂದು ಇತಿಹಾಸವೂ ಇದೆ. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನ ಎಳೆಯೋದು ಬಿಡ್ರಿ, ಅದರ ಮಾಂಸ ತಿನ್ನೋದು ಬಿಡ್ರಿ ಅಂದರು. ಕರ್ನಾಟಕದಲ್ಲಿ ದಲಿತ ಸಂಘರ್ಷ ಸಮಿತಿಯ ಹಿರಿಯರು ಕೇರಿ ಕೇರಿಗೆ ಹೋಗಿ, ಊರವರ ಹೆಣದ ಮುಂದೆ, ಜಾತ್ರೆಯ ಮುಂದೆ ಬಿಟ್ಟಿ ಹಲಗಿ ಬಾರಿಸೋದು ನಿಲ್ಲಿಸ್ರಿ ಅಂದರು. ನಿಲ್ಲಿಸಿದ್ದಕ್ಕೆ ಊರು ಊರುಗಳಲ್ಲಿ ಬಹಿಷ್ಕಾರ ಎದುರಿಸಿದರು. ಕಿರಾಣಿ ಅಂಗಡಿ ಬಂದ್, ಹೊಲದ ಕೂಲಿ ಬಂದ್.

ನನಗೆ ಅದು ಬರೇ ಸಿಟ್ಟು ಅನಿಸಲ್ಲ. ಕೆಲಸ ಹೇಗೆ ಮಾಡೋದು ಅಂತ ತಿಳಿದಿರೋದು ಒಂದು. ಅದನ್ನ ಮಾಡಬೇಕೋ ಬ್ಯಾಡೋ ಅಂತ ತಿಳಿಯೋದು ಇನ್ನೊಂದು. ನಮ್ಮ ಕೇರಿಯಲ್ಲಿ ಸಾಲಿಗೆ ಹೋದವನಿಗೆ ‘ಕಲ್ತಾಂವ’ ಅಂತಾರೆ, ಅನುಭವಸ್ಥನಿಗೆ ‘ಬಲ್ಲಾಂವ’ ಅಂತಾರೆ. ನಾಲ್ಕು ಮಂದಿ ಮುಂದೆ ಎದ್ದು ನಿಂತು ‘ನಾ ಒಲ್ಲೆ’ ಅಂದವನಿಗೆ ‘ಶಾಣ್ಯಾ’ ಅಂದರೋ, ‘ಹುಚ್ಚ’ ಅಂದರೋ, ಅದು ಊರಿನ ಮೇಲೆ ಹೋಗುತ್ತೆ. ಅಂದು ಹಲಗಿ ಕೆಳಗಿಟ್ಟ ಮುದುಕರಿಗೆ ಅಕ್ಷರ ಬರ್ತಿರಲಿಲ್ಲ, ಬಹಳ ಮಂದಿಗೆ. ಆದರೆ ಅವರು ಮಾಡಿದ ತೀರ್ಮಾನಕ್ಕಿಂತ ದೊಡ್ಡ ವಿವೇಕ ನನಗೆ ಯಾವ ಪಿಎಚ್‌ಡಿಯಲ್ಲೂ ಕಂಡಿಲ್ಲ.

ಆಮೇಲೆ ಆದದ್ದು ನೋಡ್ರಿ. ಅದೇ ಹಲಗಿ ಈಗ ಏಪ್ರಿಲ್ 14ಕ್ಕೆ ಬೈಲಹೊಂಗಲದ ಬೀದಿಯಲ್ಲಿ, ಸವದತ್ತಿಯಲ್ಲಿ, ರಾಮದುರ್ಗದಲ್ಲಿ ಬಾಬಾಸಾಹೇಬರ ಫೋಟೋ ಮುಂದೆ ಕೇಳಿಸುತ್ತೆ. ಬೆಂಕಿಗೆ ಹಿಡಿದು ಕಾಯಿಸೋ ರೀತಿ ಅದೇ, ಗತ್ತು ಅದೇ, ಎಡಗೈಯ ಸಣ್ಣ ಕಡ್ಡಿಯ ಕೆಲಸ ಅದೇ. ಮುತ್ಯಾನ ಕಾಲದ ಜ್ಞಾನದಲ್ಲಿ ಒಂದು ಅಕ್ಷರ ಬದಲಾಗಿಲ್ಲ. ಆದರೆ ಈಗ ಬಾರಿಸೋ ಹುಡುಗ ಬ್ಯಾಂಕಿನಲ್ಲಿ ಕೆಲಸ ಮಾಡ್ತಾನೆ, ರಜೆ ಹಾಕಿ ಬಂದು ಬಾರಿಸ್ತಾನೆ, ಬ್ಯಾಡ ಅನಿಸಿದರೆ ಮನೆಗೆ ಹೋಗ್ತಾನೆ. ಒಮ್ಮೆ ಕೆಳಗಿಟ್ಟವರು ಇದ್ದದ್ದಕ್ಕೆ ಇವನು ಮತ್ತೆ ಎತ್ತಿಕೊಳ್ಳೋಕೆ ಆಯಿತು. ನಡುವಿನ ಆ ‘ಒಲ್ಲೆ’ ಇಲ್ಲದಿದ್ದರೆ ಇವತ್ತಿನ ಹಲಗಿಯೂ ಬಿಟ್ಟಿ ಚಾಕರಿಯೇ.

ಸವದತ್ತಿಯ ಗುಡ್ಡದ ವಿಷಯ ಬಿಟ್ಟು ನಮ್ಮ ಭಾಗದ ಮಾತು ಮುಗಿಯಲ್ಲ. ಚೌಡಿಕೆ ಹಿಡಿದು ರಾತ್ರಿಯಿಡೀ ಎಲ್ಲಮ್ಮನ ಕಥೆ ಹಾಡೋ ಅವ್ವಂದಿರ ನೆನಪಿನ ಶಕ್ತಿ ಯಾವ ವಿದ್ವಾಂಸನಿಗೂ ಕಡಿಮೆ ಇಲ್ಲ. ಅದನ್ನ ರೆಕಾರ್ಡ್ ಮಾಡಿಕೊಂಡು ಹೋದವರು ಬಹಳ. ಆದರೆ ಆ ಹಾಡಿನ ಹಿಂದೆ ಮುತ್ತು ಕಟ್ಟಿಸಿಕೊಂಡ ಒಂದು ಎಳೇ ಹುಡುಗಿ ಇದ್ದಳು. 1934ರಲ್ಲಿ ಮುಂಬೈ ಸರಕಾರ ಒಂದು ಕಾಯ್ದೆ ಮಾಡಿತ್ತು, 1982ರಲ್ಲಿ ನಮ್ಮ ರಾಜ್ಯ ಇನ್ನೊಂದು ಮಾಡಿತು. ಕಾಯ್ದೆಗಿಂತ ಹೆಚ್ಚು ಕೆಲಸ ಮಾಡಿದ್ದು ಆ ಪದ್ಧತಿಯನ್ನ ಒಳಗಿಂದ ಬಲ್ಲ ಹೆಣ್ಣುಮಕ್ಕಳು. ನಮ್ಮ ಜಿಲ್ಲೆಯ ಸೀತವ್ವ ಜೋಡಟ್ಟಿ ಅವರನ್ನ ನೆನೆಯಿರಿ. ಚಿಕ್ಕ ವಯಸ್ಸಿನಲ್ಲೇ ದೇವದಾಸಿ ಮಾಡಲಾಗಿದ್ದ ಅವರು ಘಟಪ್ರಭಾದ ಮಾಸ್ ಸಂಸ್ಥೆಯ ಮೂಲಕ ತಮ್ಮಂಥ ಹೆಣ್ಣುಮಕ್ಕಳನ್ನ ಸಂಘಟಿಸಿದರು. 2018ರಲ್ಲಿ ಪದ್ಮಶ್ರೀ ಬಂತು. ಯಾವ ಮನೆಯಲ್ಲಿ ಏನು ಕಷ್ಟ ಬಂದಾಗ ಮಗಳನ್ನ ಬಿಡೋ ಮಾತು ಶುರು ಆಗುತ್ತೆ, ತಾಯಿಯ ಹತ್ತಿರ ಹೇಗೆ ಮಾತಾಡಿದರೆ ಅದು ನಿಲ್ಲುತ್ತೆ, ಇದನ್ನ ದಿಲ್ಲಿಯಿಂದ ಬಂದ ಅಧಿಕಾರಿಗೆ ಯಾರು ಕಲಿಸಬೇಕು? ಅನುಭವಿಸಿದವರೇ ಅದಕ್ಕೆ ಅರ್ಥ ಹಚ್ಚಿ, ಅದನ್ನ ಮುರಿಯೋ ದಾರಿಯನ್ನೂ ಕಟ್ಟಿದರು. ಗೋಪಾಲ್ ಗುರು ಹೇಳಿದ ಆ ಎರಡು ಜಾಗದ ಗೋಡೆ ಅಲ್ಲಿ ಬಿರುಕು ಬಿಟ್ಟಿತು ಅಂತ ನನ್ನ ಅಭಿಪ್ರಾಯ.

ನಮ್ಮ ಮನೆಯಲ್ಲಿ ಈಗ ತೊಗಲು ಹದ ಮಾಡೋರು ಯಾರೂ ಇಲ್ಲ. ನಮ್ಮ ಅಕ್ಕನ ಮಗಳು ಪಿಯುಸಿ ಸೈನ್ಸ್ ಓದ್ತಾಳೆ. ಕೆಮಿಸ್ಟ್ರಿ ಪುಸ್ತಕದಲ್ಲಿ ಟ್ಯಾನಿನ್ ಅನ್ನೋ ಶಬ್ದ ಬಂದ ದಿನ ಮುತ್ಯಾನ ತಮ್ಮನ ಹತ್ತಿರ, ಅಂದರೆ ನಮ್ಮ ಸಣ್ಣ ಮುತ್ಯಾನ ಹತ್ತಿರ, ಹೋಗಿ ತಾಸುಗಟ್ಟಲೆ ಕೂತಳು. ಯಾಕ ಸುಣ್ಣ ಮೊದಲ? ಯಾಕ ಅಳಲೆಕಾಯಿ? ಬರೇ ಜಾಲಿ ಹಾಕಿದರ ಏನಾಗತೈತಿ? ಮುದುಕರು ಮೊದಲು ಸಿಟ್ಟಾದರು, ‘ನಿನಗ್ಯಾಕವಾ ಆ ಹೊಲಸು’ ಅಂತ. ಆಮೇಲೆ ಹೇಳ್ತಾ ಹೇಳ್ತಾ ಅವರ ಮುಖವೇ ಬೇರೆ ಆಯಿತು. ಎಪ್ಪತ್ತು ದಾಟಿದ ಮನುಷ್ಯನಿಗೆ ಯಾಕೆ ಅಂತ ಕೇಳಿದ ಮೊದಲ ಗಿರಾಕಿ ಅವಳು. ಅವರು ಹೇಳಿದ್ದನ್ನ ಅವಳು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಾಳೆ, ಮೇಲೆ ಅವರ ಹೆಸರು ಹಾಕಿ. ಅವಳು ಚಪ್ಪಲಿ ಮಾಡಲ್ಲ. ಫಾರ್ಮಸಿ ಮಾಡ್ತೀನಿ ಅಂತಾಳೆ, ಮಾಡಲಿ.

ಪ್ರಾಡಾ ಒಪ್ಪಂದದ ಬಗ್ಗೆ ನನ್ನ ಬೇಡಿಕೆ ಇದರಿಂದಲೇ ಬರುತ್ತೆ. ಲಿಡ್ಕರ್ ನಮ್ಮ ಸರಕಾರದ್ದು, ನಾವು ಕೇಳಬಹುದು. 2,000 ಜೋಡಿಯಲ್ಲಿ ಕರ್ನಾಟಕದ ಕೇರಿಗಳಿಗೆ ಎಷ್ಟು ಬಂದವು? 800 ಯೂರೋದಲ್ಲಿ ಹೆಣೆದ ಹೆಣ್ಣುಮಗಳ ಕೈಗೆ ಎಷ್ಟು? ಪ್ರತಿ ಜೋಡಿಯ ಮೇಲೆ ಕಂಪನಿಯ ಹೆಸರಿರುತ್ತೆ, ಮಾಡಿದವರ ಹೆಸರು ಯಾಕಿರಬಾರದು? ಆ ಮನೆಯ ಮಕ್ಕಳಲ್ಲಿ ಯಾರಿಗಾದರೂ ಚರ್ಮ ತಂತ್ರಜ್ಞಾನವನ್ನೋ, ವಿನ್ಯಾಸವನ್ನೋ ಓದೋ ಮನಸ್ಸಿದ್ದರೆ ಸ್ಕಾಲರ್‌ಶಿಪ್ ಕೊಡ್ರಿ. ವಕೀಲಿಕೆ ಓದ್ತೀನಿ ಅಂದರೂ ಅಷ್ಟೇ ಸ್ಕಾಲರ್‌ಶಿಪ್ ಕೊಡ್ರಿ. ಆ ಎರಡನೇದನ್ನ ಕೊಡೋಕೆ ಒಪ್ಪಿದ ದಿನ ನಾನೂ ಫೋಟೋ ಶೇರ್ ಮಾಡ್ತೀನಿ.

ಇನ್ನೊಂದು ಕೆಲಸ ಐತಿ, ಇದಕ್ಕೆ ಇಟಲಿ ತನಕ ಹೋಗೋದು ಬೇಕಿಲ್ಲ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳಿಗೆ ಈಗ ‘ಅರಿವು ಕೇಂದ್ರ’ ಅಂತ ಹೊಸ ಹೆಸರು, ಹೊಸ ಬೋರ್ಡು. ಹೆಸರು ಚಂದ ಐತಿ. ಮಕ್ಕಳಿಗೆ ಸದಸ್ಯತ್ವ ಪುಕ್ಕಟೆ. ನಿಮ್ಮ ಊರಲ್ಲಿ ಅದು ಯಾವ ಓಣಿಯಲ್ಲಿದೆ? ನಮ್ಮ ಕೇರಿಯ ಹುಡುಗಿ ಸಂಜೆ ಆರಕ್ಕೆ ಒಬ್ಬಳೇ ಹೋಗಿ ಬರೋ ಜಾಗದಲ್ಲಿದೆಯಾ? ಒಳಗೆ ಕೂತರೆ ಯಾರೂ ಮುಖ ತಿರುವಲ್ಲವಾ? ಬರೋ ಭಾನುವಾರ ಒಂದು ತಾಸು ಅಲ್ಲಿ ಹೋಗಿ ಕೂತು ಎಣಿಸಿ ಬರ್ರಿ: ಒಟ್ಟು ಎಷ್ಟು ಮಕ್ಕಳು, ಕೇರಿಯಿಂದ ಎಷ್ಟು, ಅದರಲ್ಲಿ ಹುಡುಗಿಯರು ಎಷ್ಟು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ನಾಲ್ಕೂ ತಾಲೂಕಿನವರು ಇಲ್ಲೇ ಕಾಮೆಂಟಿನಲ್ಲಿ ಊರ ಹೆಸರು, ಎಣಿಕೆ ಹಾಕ್ರಿ. ಮಕ್ಕಳ ಫೋಟೋ ಬ್ಯಾಡ, ಎಣಿಕೆ ಸಾಕು. ಬಂದ ಎಣಿಕೆ ಎಲ್ಲಾ ಸೇರಿಸಿ ಜಿಲ್ಲಾ ಪಂಚಾಯಿತಿಗೆ ಅರ್ಜಿ ಬರೆಯೋ ಕೆಲಸ ನನ್ನದು.